ಮಗನನ್ನು ಬ್ಯಾಕಿಗೆ ಹಾಕಿದ ಕೋಚ್

ರಾಣೆಬೆನ್ನೂರಿನ ಪೇಟೆಯಲ್ಲಿ ಜಹಾಂಗೀರನದು ಗಾದಿ ಅಂಗಡಿ. ಹತ್ತಿ ಹಿಂಜುವ ಯಂತ್ರ ಒಳಗೆ, ಗಾದಿ ಹೊಲಿಯುವ ಕಟ್ಟೆ ಹೊರಗೆ. ಆ ಕಟ್ಟೆಯ ಮೇಲೆ ಕಾಲು ಮಡಚಿ ಕೂತು ದಬ್ಬಣ ಚುಚ್ಚುತ್ತ ಎಳೆಯುತ್ತ ಅವನು ಆಡುತ್ತಿದ್ದದ್ದು ಫುಟ್ಬಾಲಿನ ಮಾತು. ಮಗಳ ಮದುವೆಗೆಂದು ಗಾದಿ ಹೇಳಲು ಬಂದವರು ಅಳತೆ ಕೊಡುವ ಮೊದಲು, ಕಳೆದ ರವಿವಾರದ ಮ್ಯಾಚಿನಲ್ಲಿ ತುಂಗಾ ಬಾಯ್ಸ್ ಯಾಕೆ ಸೋತರು ಎಂಬುದನ್ನು ಕೇಳಿಸಿಕೊಳ್ಳಬೇಕಾಗುತ್ತಿತ್ತು. ಆ ಮಾತು ಎಲ್ಲಿಂದ ಶುರುವಾದರೂ ಬಂದು ನಿಲ್ಲುವುದು ಒಬ್ಬನ ಮೇಲೆ. ಕೋಚ್ ವಿಜಯಮಹಾಂತೇಶನ ಮೇಲೆ.

ಇಬ್ಬರೂ ಒಂದೇ ಓಣಿಯವರು, ಒಂದೇ ವಯಸ್ಸಿನವರು. ಇಪ್ಪತ್ತರ ಹರೆಯದಲ್ಲಿ ಇದೇ ತುಂಗಾ ಬಾಯ್ಸ್ ತಂಡಕ್ಕೆ ಜೊತೆಯಲ್ಲಿ ಆಡಿದವರು. ಜಹಾಂಗೀರ ಫಾರ್ವರ್ಡ್. ಬಾಲ್ ಕಾಲಿಗೆ ಸಿಕ್ಕರೆ ಎದುರಿನವರು ದಾರಿ ಬಿಡುತ್ತಿದ್ದರು. ಹರಿಹರದಲ್ಲಿ ಅರ್ಧ ಮೈದಾನದಿಂದ ಒಬ್ಬನೇ ಬಾಲ್ ಒಯ್ದು ಗೋಲ್ ಹೊಡೆದದ್ದನ್ನು ನೋಡಿದವರು ಈಗಲೂ ಚಹಾದ ಅಂಗಡಿಯಲ್ಲಿ ಸಿಗುತ್ತಾರೆ. ವಿಜಯಮಹಾಂತೇಶ ನಡುವೆ ನಿಂತು ಎದುರಿನವರನ್ನು ತಡೆಯುವವನು. ತಡೆದದ್ದು ಯಾರ ನೆನಪಿನಲ್ಲಿ ಉಳಿಯುತ್ತದೆ? ಅವನು ಮುಂದೆ ಹೈಸ್ಕೂಲಿನಲ್ಲಿ ಆಟದ ಮಾಸ್ತರನಾದ. ಒಂದು ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗಿ ಕೋಚಿಂಗ್ ಕೋರ್ಸ್ ಮುಗಿಸಿ ಬಂದ. ಅದೇ ಹೊತ್ತಿಗೆ ತಂಡದ ಹಳೆಯ ಕೋಚ್ ಊರು ಬಿಟ್ಟಿದ್ದರು. ಮುಂಜಾನೆ ಹುಡುಗರನ್ನು ಓಡಿಸುವ, ಬಾಲಿಗೆ ಗಾಳಿ ತುಂಬುವ ಕೆಲಸವನ್ನೆಲ್ಲ ಜಹಾಂಗೀರನೇ ನೋಡಿಕೊಳ್ಳುತ್ತಿದ್ದ. ಇನ್ನು ಕೋಚ್ ತಾನೇ ಎಂದು ಅವನು ತಿಳಿದಿದ್ದ, ಅವನ ಗೆಳೆಯರೂ ತಿಳಿದಿದ್ದರು.

ಕ್ಲಬ್ಬಿನ ಅಧ್ಯಕ್ಷ ಹೇಮಪ್ಪ ಬೀಜದ ವ್ಯಾಪಾರಿ. ಅವನು ಮೀಟಿಂಗಿನಲ್ಲಿ ಎದ್ದು, "ಕಲ್ತು ಬಂದಾಂವ ಅದಾನ, ಅಂವಗ ಕೊಡೂಣು" ಎಂದ. ಎಲ್ಲರೂ ಕೈ ಎತ್ತಿದರು. ಜಹಾಂಗೀರನೂ ಎತ್ತಿದ. ಹೂವಿನ ಮಾಲೆಯನ್ನು ಗೆಳೆಯನ ಕೊರಳಿಗೆ ಹಾಕಿದ್ದೂ ಅವನೇ. ಮನೆಗೆ ಬಂದವನು ಊಟಕ್ಕೆ ಏಳಲಿಲ್ಲ. ಹೆಂಡತಿ ಬೇನಜೀರ ಕಾರಣ ಕೇಳಿದ್ದಕ್ಕೆ, "ಹೊಟ್ಟಿ ಸರಿ ಇಲ್ಲ" ಎಂದ.

"ಹೊಟ್ಟಿ ಸರಿನ ಐತಿ. ಅದರಾಗ ಕಿಚ್ಚು ಬಿದ್ದೈತಿ," ಎಂದು ಅವಳು ತಾಟು ತೆಗೆದಿಟ್ಟಳು.

ಅಷ್ಟಕ್ಕೇ ಆಗಿದ್ದರೆ ಕಾಲ ಕಳೆದಂತೆ ಆರಿಹೋಗುತ್ತಿತ್ತೋ ಏನೋ. ಆದರೆ ಅವನ ಮಗ ತೌಸಿಫ್ ಆಗ ತಾನೇ ತಂಡಕ್ಕೆ ಸೇರಿದ್ದ. ತೊಟ್ಟಿಲಿನಲ್ಲಿದ್ದಾಗಲೇ ಜಹಾಂಗೀರ ಅವನ ಪಕ್ಕ ಬಾಲ್ ಇಟ್ಟಿದ್ದ. ನಡೆಯಲು ಕಲಿತ ದಿನದಿಂದ ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಒದೆಯಲು ಕಲಿಸಿದ್ದ. ಎತ್ತರದ ಹುಡುಗ, ಉದ್ದ ಕಾಲು. ತನ್ನ ಹಾಗೆಯೇ ಫಾರ್ವರ್ಡ್ ಆಗುತ್ತಾನೆ, ಹರಿಹರದ ಗೋಲನ್ನು ಜನ ಮರೆಯುವಂಥ ಗೋಲ್ ಹೊಡೆಯುತ್ತಾನೆ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಟ್ಟಿದ್ದ. ಹೊಸ ಕೋಚ್ ಮಾಡಿದ ಮೊದಲ ಕೆಲಸವೆಂದರೆ ತೌಸಿಫನನ್ನು ಬಲಗಡೆಯ ಬ್ಯಾಕಿಗೆ ಹಾಕಿದ್ದು. ಗೋಲ್ ಹೊಡೆಯುವವನ ಮಗ ಹಿಂದೆ ನಿಂತು ಗೋಲ್ ತಡೆಯುವವನಾದ.

"ಬೇಕಂತ ಮಾಡ್ಯಾನ," ಎಂದ ಜಹಾಂಗೀರ ಕಟ್ಟೆಯ ಮೇಲೆ ಕೂತು. "ಆಗಿಂದನ ನನ್ನ ಮ್ಯಾಲ ಹೊಟ್ಟಿಕಿಚ್ಚು ಅವಗ. ನನ್ನ ಮಗಾ ನನ್ನಂಗ ಆಗಬಾರದು, ಅಷ್ಟ."

ಇನ್ನೊಬ್ಬನ ಹೊಟ್ಟೆಕಿಚ್ಚಿನ ಬಗ್ಗೆ ಹೇಳುವಾಗ ಅವನ ಕೈಯ ದಬ್ಬಣ ಹತ್ತಿಗೆ ಎಷ್ಟು ಜೋರಾಗಿ ಇಳಿಯುತ್ತಿತ್ತೆಂದರೆ, ಎದುರಿಗೆ ಕೂತವರು ಕಾಲು ಹಿಂದೆ ತೆಗೆದುಕೊಳ್ಳುತ್ತಿದ್ದರು.

ಮನೆಯಲ್ಲಿಯೂ ಅದೇ ಉರಿ. ತೌಸಿಫ್ ಮೊದಲೇ ಕಡಿಮೆ ಮಾತಿನವನು. ತಂದೆ ಎರಡು ಮಾತು ಕೇಳಿದರೆ ಒಂದಕ್ಕೆ ಉತ್ತರ ಕೊಡುವವನು. ಆ ಒಂದು ಉತ್ತರದಲ್ಲಿಯೂ ಈಗ ಸರ್ ಬಂದು ಕೂತಿದ್ದರು. ಎಣ್ಣೆಯ ಬಜಿ ಬೇಡ, ಸರ್ ತಿನ್ನಬಾರದು ಅಂದಾರ. ಮುಂಜಾನೆ ನೆನೆಹಾಕಿದ ಶೇಂಗಾ ಇರಲಿ, ಸರ್ ಹೇಳ್ಯಾರ. ಜಹಾಂಗೀರ ಹದಿನೇಳು ವರ್ಷ ಹೇಳಿದರೂ ಬೇಗ ಏಳದ ಹುಡುಗ, ಸರ್ ಒಂದು ಸಲ ಹೇಳಿದ್ದಕ್ಕೆ ಕತ್ತಲಿರುವಾಗಲೇ ಎದ್ದು ಬೂಟಿನ ದಾರ ಕಟ್ಟುತ್ತಿದ್ದ. ಹಾಸಿಗೆಯಲ್ಲಿ ಮಲಗಿಯೇ ಆ ಸಪ್ಪಳ ಕೇಳುತ್ತಿದ್ದ ಜಹಾಂಗೀರನಿಗೆ, ತನ್ನ ಮನೆಯೊಳಗಿನ ಒಂದು ವಸ್ತುವನ್ನು ಯಾರೋ ದಿನವೂ ಹೊತ್ತುಕೊಂಡು ಹೋಗುತ್ತಿದ್ದಾರೆ ಅನ್ನಿಸುತ್ತಿತ್ತು.

ಹೀಗೆ ಮೂರು ವರ್ಷ. ವಿಜಯಮಹಾಂತೇಶನ ಆಟದ ರೀತಿ ಎಂದರೆ ಮೊದಲು ಮನೆ ಕಾಯಬೇಕು, ಆಮೇಲೆ ಗೋಲ್. ಒಂದು ಗೋಲ್ ಮುಂದಿದ್ದರೆ ಸಾಕು, ಒಬ್ಬ ಫಾರ್ವರ್ಡನನ್ನು ಹೊರಗೆ ಕರೆದು ಇನ್ನೊಬ್ಬ ಬ್ಯಾಕನ್ನು ಒಳಗೆ ಕಳಿಸುವನು. ತಂಡ ಗೆದ್ದದ್ದು ಸೋತದ್ದಕ್ಕಿಂತ ಹೆಚ್ಚೇ. ಆದರೆ ಆ ಗೆಲುವಿನಲ್ಲಿ ನೋಡುವವರಿಗೆ ಸೀಟಿ ಹೊಡೆಯುವಂಥದ್ದು ಏನೂ ಇರಲಿಲ್ಲ. ಗೆದ್ದ ದಿನ ಜಹಾಂಗೀರ, "ಇದೇನು ಗೆಲುವಾ? ನಿದ್ದಿ ಬರ್ತತಿ" ಎನ್ನುತ್ತಿದ್ದ. ಸೋತ ದಿನ ಅವನಿಗೆ ಹಬ್ಬ. ಆ ಹಬ್ಬದ ಬಗ್ಗೆ ತನಗೇ ನಾಚಿಕೆಯಾಗುತ್ತಿತ್ತು. ಆದರೂ ಬರುವುದನ್ನು ತಡೆಯಲಾಗುತ್ತಿರಲಿಲ್ಲ.

ಈ ಸಲದ ಜಿಲ್ಲಾ ಲೀಗಿನಲ್ಲಿ ಹಾವೇರಿಯಲ್ಲಿ ಹಾವೇರಿಯವರೊಡನೆ ಮ್ಯಾಚ್ ಇತ್ತು. ಮಧು ಎಂಬ ಚುರುಕಾದ ಫಾರ್ವರ್ಡ್ ಮೊದಲರ್ಧದಲ್ಲಿಯೇ ಗೋಲ್ ಹೊಡೆದ. ಕೊನೆಯ ಕಾಲು ಗಂಟೆ ಉಳಿದಾಗ ವಿಜಯಮಹಾಂತೇಶ ಅದೇ ಮಧುವನ್ನು ಹೊರಗೆ ಕರೆದ. ಒಳಗೆ ಹೋದವನು ಇನ್ನೊಬ್ಬ ಬ್ಯಾಕ್. ಮುಂದೆ ಯಾರೂ ಇಲ್ಲದ್ದನ್ನು ನೋಡಿ ಹಾವೇರಿಯ ಹನ್ನೊಂದು ಜನವೂ ಏರಿ ಬಂದರು. ಒಂದು ಗೋಲ್ ಆಯಿತು. ಸೀಟಿ ಊದುವ ಮೊದಲು ಇನ್ನೊಂದು ಆಯಿತು.

ಜಹಾಂಗೀರ ನೋಡುವವರ ಮೆಟ್ಟಿಲು ಇಳಿದು ಗೆರೆಯ ಹತ್ತಿರವೇ ಬಂದ. "ಲೇ ಮಾಸ್ತರಾ! ಗೋಲ್ ಹೊಡದು ಕದಾ ಹಾಕ್ಕೊಂಡು ಕುಂದ್ರಾಕ ಇದು ನಿಮ್ಮ ಸಾಲಿ ಅಂತ ತಿಳದಿ ಏನ? ಅಂಜುಬುರುಕನ ಕೈಯಾಗ ಹುಲಿ ಕೊಟ್ರ ಬೆಕ್ಕು ಮಾಡ್ತಾನ ನೋಡ್ರಿ!"

ರಾಣೆಬೆನ್ನೂರಿನಿಂದ ಬಂದವರೆಲ್ಲ ಹೋ ಎಂದರು. "ಮಾಸ್ತರ್ ಔಟ್! ಮಾಸ್ತರ್ ಔಟ್!" ಎಂದು ಯಾರೋ ಶುರುಮಾಡಿದರು. ಯಾರೋ ಮೊಬೈಲಿನಲ್ಲಿ ಹಿಡಿದರು. ವಿಜಯಮಹಾಂತೇಶ ಒಮ್ಮೆ ತಿರುಗಿ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಹೇಳದೆ, ಹುಡುಗರ ನೀರಿನ ಬಾಟಲಿ ಆರಿಸುತ್ತ ಹೋದ. ಆ ಸುಮ್ಮನಿರುವಿಕೆಯೇ ಜಹಾಂಗೀರನಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು.

ಅವನು ಮನೆ ಮುಟ್ಟುವುದರೊಳಗೆ ವಿಡಿಯೋ ಊರ ಗ್ರೂಪುಗಳಲ್ಲೆಲ್ಲ ತಿರುಗಿತ್ತು. ತೌಸಿಫ್ ತಂಡದ ಗಾಡಿಯಲ್ಲಿ ತಡವಾಗಿ ಬಂದ. ಬೂಟು ಬಿಚ್ಚಿಟ್ಟ. ತಂದೆಯ ಕಡೆ ನೋಡದೆ ತಾಯಿಗೆ, "ಅಮ್ಮಿ, ನನಗ ಹಸಿವಿಲ್ಲ" ಎಂದು ಒಳಗೆ ಹೋದ. ಮರುದಿನವೂ ಮಾತಿಲ್ಲ, ಅದರ ಮರುದಿನವೂ ಇಲ್ಲ.

"ಯಾರಿಗೋ ಬೈದ್ರ ಇವಗ್ಯಾಕ ನೋವು?" ಎಂದ ಜಹಾಂಗೀರ ಹೆಂಡತಿಗೆ.

"ನಿಮಗ ಬೈದ್ರ ಆಗೂದಿಲ್ಲೇನು ಅವಗ? ಹಂಗ," ಎಂದಳು ಬೇನಜೀರ.

ಆ ಮಾತು ಅವನಿಗೆ ಸಮಾಧಾನ ತರಲಿಲ್ಲ. ನನಗೂ ಆ ಮಾಸ್ತರನಿಗೂ ಮಗನ ಮನಸ್ಸಿನಲ್ಲಿ ಒಂದೇ ತೂಕವೇ ಎಂದು ಇನ್ನಷ್ಟು ಕುದಿದ.

ಆ ವಾರವೇ ವಿಜಯಮಹಾಂತೇಶನಿಗೆ ಹೊಟ್ಟೆನೋವು ಬಂದು ದವಾಖಾನೆಗೆ ಸೇರಿಸಿದರು. ಅಪೆಂಡಿಕ್ಸ್ ಎಂದು ಆಪರೇಶನ್ ಆಯಿತು. ರವಿವಾರ ಬ್ಯಾಡಗಿಯಲ್ಲಿ ಬ್ಯಾಡಗಿಯವರೊಡನೆ ಮ್ಯಾಚ್. ಹೇಮಪ್ಪ ಅಂಗಡಿಗೆ ಬಂದ.

"ಜಹಾಂಗೀರ, ಬಾಯಿ ಭಾಳ ಮಾಡ್ತಿ. ಈಗ ಕೈ ಮಾಡಿ ತೋರಸು. ಈ ಒಂದ ಮ್ಯಾಚ್ ನೀ ನೋಡ್ಕೋ."

ಜಹಾಂಗೀರ ದಬ್ಬಣವನ್ನು ಗಾದಿಯಲ್ಲಿಯೇ ಬಿಟ್ಟು ಎದ್ದು ನಿಂತ. "ಹೇಮಪ್ಪಣ್ಣ, ಒಂದ ಮ್ಯಾಚ್ ಸಾಕು. ಆಮ್ಯಾಲ ನೀವ ಹೇಳ್ತೀರಿ, ಯಾರ ಇರಬೇಕು ಯಾರ ಬ್ಯಾಡ ಅಂತ."

ಶನಿವಾರ ಸಂಜೆ ಹುಡುಗರನ್ನು ಸೇರಿಸಿ ಅವನು ಯಾರು ಎಲ್ಲಿ ಆಡಬೇಕೆಂದು ಹೇಳಿದ. ಮುಂದೆ ಮೂವರು. ಮಧು ಎಡಕ್ಕೆ, ಕೈಸರ ಬಲಕ್ಕೆ, ನಟ್ಟನಡುವೆ ತೌಸಿಫ್. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರೂ ಹೋದ ಮೇಲೆ ತೌಸಿಫ್ ಉಳಿದ.

"ಅಬ್ಬಾ, ನಾ ಬ್ಯಾಕ್ ಆಡ್ತೇನ್ರಿ."

"ಯಾಕ?"

"ರೂಢಿ ಆಗೇತಿ."

"ಅಂವ ಹಿಡಿಸಿದ ರೂಢಿ ಅದು. ನಿನ್ನ ಕಾಲು ನನಗ ಗೊತ್ತೈತಿ. ನೀ ಹುಟ್ಟಿದಾಗಿಂದ ನೋಡೇನಿ ನಾ."

ತೌಸಿಫ್ ಇನ್ನೇನೋ ಹೇಳುವವನಿದ್ದ. ತಂದೆಯ ಮುಖದ ಮೇಲಿನ ಹುರುಪು ನೋಡಿ, "ಆತ್ರಿ" ಎಂದ.

ರವಿವಾರ ರಾಣೆಬೆನ್ನೂರಿನಿಂದ ಎಂದೂ ಇಲ್ಲದಷ್ಟು ಬೈಕುಗಳು ಮೋಟೆಬೆನ್ನೂರು ದಾಟಿ ಬ್ಯಾಡಗಿಗೆ ಹೊರಟವು. ಗಾದಿ ಜಹಾಂಗೀರ ಕೋಚ್ ಆಗ್ಯಾನ, ನೋಡೂಣು ನಡೀರಿ ಎಂದು ಬಂದವರೇ ಹೆಚ್ಚು. ಮೆಣಸಿನಕಾಯಿಯ ಸುಗ್ಗಿ, ಗಾಳಿಯಲ್ಲೇ ಘಾಟು. ಗೋಲ್‌ಕೀಪರ್ ಕೊಟ್ರೇಶ ಮೈದಾನಕ್ಕೆ ಇಳಿಯುತ್ತಲೇ ಸೀನತೊಡಗಿದ. ಜಹಾಂಗೀರ ಇಸ್ತ್ರಿಯ ಅಂಗಿ ತೊಟ್ಟು ಗೆರೆಯ ಪಕ್ಕದ ಕುರ್ಚಿಯ ಹತ್ತಿರ ನಿಂತ. ಮೂರು ವರ್ಷ ಅವನು ಕಣ್ಣಿಟ್ಟಿದ್ದ ಕುರ್ಚಿ. ಕೂರಲಿಲ್ಲ, ಕೂರುವಷ್ಟು ಸಮಾಧಾನ ಇರಲಿಲ್ಲ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ತೌಸಿಫನಿಗೆ ಒಳ್ಳೆಯ ಪಾಸ್ ಬಂತು. ಎದುರಿಗೆ ಒಬ್ಬನೇ ಬ್ಯಾಕ್. "ಹೊಡಿ! ಹೊಡಿಯೋ!" ಎಂದು ಜಹಾಂಗೀರ ಕೂಗಿದ. ತೌಸಿಫ್ ಬಾಲಿನ ಮೇಲೆ ಕಾಲಿಟ್ಟು ತಡೆದ, ಒಂದು ಸಲ ಪಕ್ಕಕ್ಕೆ ನೋಡಿದ, ಅಷ್ಟರಲ್ಲಿ ಬಾಲ್ ಹೋಗಿತ್ತು. ಮತ್ತೊಂದು ಸಲವೂ ಹಾಗೆಯೇ. ಮೂರನೆಯ ಸಲ ಗೋಲ್ ಮುಂದೆ ಖಾಲಿ ಇತ್ತು. ತೌಸಿಫನ ಕಾಲು ಎತ್ತಿದ್ದು ಎತ್ತಿದಂತೆಯೇ ಒಂದು ಗಳಿಗೆ ನಿಂತಿತು. ಹೊಡೆದ ಬಾಲ್ ಗೋಲಿನಿಂದ ಎರಡು ಮಾರು ಆಚೆ ಹೋಯಿತು.

ಮೆಟ್ಟಿಲ ಮೇಲೆ ಕೂತು ನೋಡುವಾಗ ಆಟಗಾರನ ಕಾಲು ಕಾಣುತ್ತದೆ. ಇಲ್ಲಿ ಗೆರೆಯ ಪಕ್ಕ ನಿಂತರೆ ಮುಖ ಕಾಣುತ್ತದೆ. ಜಹಾಂಗೀರನಿಗೆ ಮಗನ ಮುಖ ಕಂಡಿತು. ಬಾಲ್ ತನ್ನ ಕಡೆ ಬರುತ್ತಿದ್ದ ಹಾಗೆಲ್ಲ ಹುಡುಗನ ಕಣ್ಣು ಬಾಲಿನ ಮೇಲಲ್ಲ, ತಂದೆಯ ಮೇಲೆ ಬೀಳುತ್ತಿತ್ತು. ಅದರಲ್ಲಿದ್ದದ್ದು ಅಂಜಿಕೆ.

ಇತ್ತ ಬಲಗಡೆಯ ಬ್ಯಾಕಿನ ಜಾಗದಲ್ಲಿ ಹೊಸಬನಿದ್ದ. ಬ್ಯಾಡಗಿಯವರು ಅದೇ ದಾರಿಯಿಂದ ಎರಡು ಸಲ ನುಗ್ಗಿ ಎರಡು ಗೋಲ್ ಹೊಡೆದರು. ಮೆಟ್ಟಿಲ ಕಡೆಯಿಂದ ದನಿ ಬಂತು. "ಗಾದಿ ಹೊಲಿಯೂದ ಇದಕ್ಕಿಂತ ಸಲೀಸು ಐತೇನೋ ಜಹಾಂಗೀರ!" ಎಲ್ಲರೂ ನಕ್ಕರು. ಹೋದ ವಾರ ತನ್ನ ಮಾತಿಗೆ ಹೋ ಎಂದವರೇ.

ಹಾಫ್ ಟೈಮಿಗೆ ಹುಡುಗರು ಬೇವಿನ ಮರದ ಕೆಳಗೆ ನೀರು ಕುಡಿಯುತ್ತ ಕೂತರು. ಏನು ಮಾಡಬೇಕೆಂದು ಜಹಾಂಗೀರನಿಗೆ ಸ್ಪಷ್ಟವಾಗಿಯೇ ಗೊತ್ತಿತ್ತು. ಹಾಗೆ ಮಾಡಿದರೆ ಮೂರು ವರ್ಷ ಕಟ್ಟೆಯ ಮೇಲೆ ಕೂತು ಆಡಿದ ಮಾತೆಲ್ಲ ಸುಳ್ಳಾಗುತ್ತದೆ ಎಂಬುದೂ ಗೊತ್ತಿತ್ತು. ಆ ಮರದ ಕೆಳಗೆ ವಿಜಯಮಹಾಂತೇಶ ಇರಲಿಲ್ಲ, ದವಾಖಾನೆಯಲ್ಲಿ ಮಲಗಿದ್ದ. ಆದರೂ ಗೆದ್ದವನು ಅವನೇ ಅನ್ನಿಸಿತು ಜಹಾಂಗೀರನಿಗೆ. ಮೆಣಸಿನಕಾಯಿ ಘಾಟಿಗೆ ಕೆಮ್ಮಿದವನಂತೆ ಕೆಮ್ಮಿದ.

"ತೌಸಿಫ್, ನೀ ಬ್ಯಾಕಿಗೆ ಹೋಗು. ಮಧು ನಡುವ ಬರಲಿ," ಎಂದ.

ತೌಸಿಫ್ ತಲೆ ಎತ್ತಿ ನೋಡಿದ. ಬಾಟಲಿ ಕೆಳಗಿಟ್ಟು ಮೊದಲು ಎದ್ದವನು ಅವನೇ.

ಎರಡನೆಯ ಅರ್ಧದಲ್ಲಿ ಬೇರೆಯೇ ಹುಡುಗ ಆಡಿದ. ಬಲಗಡೆಯಿಂದ ಬ್ಯಾಡಗಿಯವರಿಗೆ ದಾರಿ ಬಂದ್. ಬಾಲ್ ಕಸಿದುಕೊಂಡು, ತಲೆ ಎತ್ತಿ, ಯಾರಿಗೆ ಕೊಡಬೇಕೆಂದು ನೋಡಿ ಕೊಡುತ್ತಿದ್ದ. ಒಮ್ಮೆ ಗೆರೆ ಹಿಡಿದು ಮೈದಾನದ ಉದ್ದಕ್ಕೂ ಓಡಿ, ಮೂಲೆಯಿಂದ ಎತ್ತಿ ಕೊಟ್ಟ ಬಾಲಿಗೆ ಮಧು ತಲೆ ಕೊಟ್ಟ. ಗೋಲ್. ಆ ಓಟ ಜಹಾಂಗೀರನ ಪಕ್ಕದಿಂದಲೇ ಹಾದುಹೋಗಿತ್ತು. ಮಗ ಅವನನ್ನು ನೋಡಲೇ ಇಲ್ಲ. ಇಷ್ಟು ಚೆಂದ ಓಡುತ್ತಾನೆಂದು ಮೂರು ವರ್ಷ ನೋಡಿಯೂ ನನಗೆ ಗೊತ್ತೇ ಇರಲಿಲ್ಲ, ಆ ಮಾಸ್ತರನಿಗೆ ಗೊತ್ತಿತ್ತು ಎಂದು ಜಹಾಂಗೀರನ ಎದೆಯಲ್ಲಿ ಚುಚ್ಚಿತು.

ಇನ್ನೊಂದು ಗೋಲ್ ಆಗಲಿಲ್ಲ. ಎರಡು ಒಂದರಿಂದ ಸೋತರು. ಮ್ಯಾಚ್ ಮುಗಿದ ಮೇಲೆ ಹುಡುಗರು ಗಾಡಿಯ ಹತ್ತಿರ ಗುಂಪುಗೂಡಿ ದವಾಖಾನೆಗೆ ವಿಡಿಯೋ ಕಾಲ್ ಹಚ್ಚಿದರು. ಒಬ್ಬರ ಮೇಲೊಬ್ಬರು ಬಿದ್ದು ಸರ್, ಸರ್ ಎಂದರು. ತೌಸಿಫನ ದನಿಯೂ ಕೇಳಿತು. "ಇಲ್ರಿ ಸರ್, ಅಬ್ಬಾ ಹಾಫ್ ಟೈಮಿನಾಗ ಸರಿ ಮಾಡಿದ್ರು. ಸೋತಿದ್ದು ನನ್ನಿಂದನ್ರಿ." ಜಹಾಂಗೀರ ಬೈಕಿನ ಕಿಕ್ ಒದ್ದ. ಅದು ಹತ್ತಲಿಲ್ಲ. ಮತ್ತೆ ಒದ್ದ.

ಕೆಲವು ದಿನ ಬಿಟ್ಟು ವಿಜಯಮಹಾಂತೇಶ ಮನೆಗೆ ಬಂದನೆಂದು ತಿಳಿದ ಮೇಲೆ ಅವನು ನೋಡಲು ಹೋದ. ಬಾಗಿಲು ತೆರೆದದ್ದು ವಿಜಯಮಹಾಂತೇಶನ ಹೆಂಡತಿ ಸುರೇಖಾ. ವಿಡಿಯೋ ಅವಳೂ ನೋಡಿದ್ದಳು. "ಬರ್ರಿ" ಎಂದಳು, ನಗಲಿಲ್ಲ. ಚಹಾ ತಂದಿಟ್ಟು ಒಳಗೆ ಹೋದಳು.

ಗೆಳೆಯ ದಿಂಬಿಗೆ ಒರಗಿ ಕೂತಿದ್ದ, ಬಡಕಲಾಗಿದ್ದ. ಆರೋಗ್ಯದ ಎರಡು ಮಾತಾದವು. ಜಹಾಂಗೀರನೇ ಕೇಳಿದ.

"ನನಗೊಂದ ಹೇಳು. ಹುಟ್ಟಿದಾಗಿಂದ ನಾ ನೋಡಿದ ಹುಡುಗ. ಅಂವ ಫಾರ್ವರ್ಡ್ ಅಲ್ಲ ಅಂತ ನಿನಗ ಹೆಂಗ ಗೊತ್ತಾತು? ಆ ಕೋರ್ಸಿನಾಗ ಕಲಿಸಿದ್ರೇನು?"

"ಕೋರ್ಸಿನಾಗ ಏನೂ ಕಲಿಸಿಲ್ಲ. ಬಿಡು ಅದನ್ನ."

"ಬಿಡೂದಿಲ್ಲ. ಹೇಳು."

ವಿಜಯಮಹಾಂತೇಶ ಒಳಬಾಗಿಲ ಕಡೆ ನೋಡಿದ. "ಹೇಳಬ್ಯಾಡ್ರಿ ಅಂದಿದ್ದ ಹುಡುಗ. ಆದ್ರ ನೀ ಮೊನ್ನೆ ಮತ್ತ ಮುಂದ ನಿಲ್ಲಿಸಿದೀಯಂತ. ಇನ್ನೊಮ್ಮೆ ನಿಲ್ಲಿಸಬಾರದು ಅಂತ ಹೇಳಾಕತ್ತೇನಿ. ನಾ ಕೋಚ್ ಆದ ಮೊದಲ ವಾರ ಅಂವನ ಬಂದಿದ್ದ ನನ್ನ ಕಡೆ. ಸರ್, ನನ್ನ ಹಿಂದ ಹಾಕ್ರಿ ಅಂದ. ಯಾಕೋ ಅಂತ ಕೇಳಿದೆ ನಾ. ಮುಂದ ನಿಂತ್ರ ನನಗ ಅಬ್ಬಾನ ದನಿ ಒಂದ ಕೇಳ್ತತಿ, ಬಾಲ್ ಕಾಣಂಗಿಲ್ಲ ಅಂದ. ಅತ್ತ ಜಹಾಂಗೀರ. ನಿನಗ ಗೊತ್ತಾದ್ರ ನೊಂದ್ಕೊಂತೀ ಅಂತ ಅತ್ತ. ನೀವ ಹಾಕಿದ್ರಿ ಅಂತ ಆಗಲಿ ಸರ್ ಅಂದ. ಆತು ಅಂದೆ ನಾ."

ಜಹಾಂಗೀರನ ಕೈಯ ಕಪ್ಪಿನಲ್ಲಿ ಚಹಾ ಹಾಗೆಯೇ ಇತ್ತು.

"ಮೂರು ವರ್ಷ ಬೈದ್ನಲ್ಲೋ ನಿನ್ನ. ಊರ ಮಂದಿ ಎದುರಿಗೆ."

"ಬೈದಿ. ಮದಲ ಮದಲ ಸಿಟ್ಟು ಬರ್ತಿತ್ತು. ಹಾವೇರ್‍ಯಾಗಂತೂ ಹೇಳೇ ಬಿಡಬೇಕಂತ ಬಾಯಿಗೆ ಬಂದಿತ್ತು." ಅವನು ಹೊಲಿಗೆ ಹಾಕಿದ ಕಡೆ ಕೈ ಒತ್ತಿ ಹಿಡಿದು ಸ್ವಲ್ಪ ನಕ್ಕ. "ಆದ್ರ ಮಧುನ್ನ ಹೊರಗ ಕರದದ್ದು ತಪ್ಪ ಆತು ನೋಡು. ಅದಕ್ಕ ಬೈದದ್ದು ಖರೇ ಐತಿ."

ಕ್ಷಮೆ ಕೇಳಬೇಕೆಂದು ಜಹಾಂಗೀರನಿಗೆ ಅನ್ನಿಸಿತು. ಬಾಯಿಗೆ ಬಂದದ್ದು, "ತಪ್ಪಂದ್ರ ತಪ್ಪ. ಅಲ್ಲಿ ಮಧು ಇರಬೇಕಿತ್ತು" ಎಂಬುದು. ತಣ್ಣಗಾದ ಚಹಾ ಒಂದೇ ಗುಟುಕಿಗೆ ಕುಡಿದು ಎದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಸುರೇಖಾಳಿಗೆ, "ವೈನಿ, ಗಾದಿ ಗಂಟು ಕಟ್ಟೇತಿ. ಇಂಥಾದ್ರಾಗ ಮಲಗಿಸಬ್ಯಾಡ್ರಿ. ನಾಳೆ ಒಯ್ದು ಹೊಸಾ ಹತ್ತಿ ತುಂಬಿ ಕಳಸ್ತೇನಿ" ಎಂದ. ಮರುದಿನ ಹಾಗೆಯೇ ಮಾಡಿದ. ಅವನಿಗೆ ಬರುತ್ತಿದ್ದ ಕ್ಷಮೆ ಅದೊಂದೇ.

ಮನೆಗೆ ನಡೆದುಕೊಂಡೇ ಹೋದ. ಹೊಟ್ಟೆಯ ಕಿಚ್ಚು ಆರಿತೇ ಎಂದರೆ, ಇಲ್ಲ. ಇಷ್ಟು ದಿನ ಅದು ಕೋಚ್ ಎಂಬ ಹೆಸರಿನ ಮೇಲೆ, ಮಾಲೆಯ ಮೇಲೆ, ಕುರ್ಚಿಯ ಮೇಲೆ ಇತ್ತು. ಈಗ ಅದು ಹದಿನೇಳು ವರ್ಷದ ಹುಡುಗ ಅತ್ತ ಒಂದು ಗಳಿಗೆಯ ಮೇಲೆ ಹೋಗಿ ಕೂತಿತು. ನನ್ನ ಮಗ ಅಳಲು ಇನ್ನೊಬ್ಬನ ಹತ್ತಿರ ಹೋದ. ಆ ಗಳಿಗೆಯನ್ನು ಯಾರಿಂದಲೂ ಕಸಿದುಕೊಳ್ಳಲು ಬರುವುದಿಲ್ಲ. ಬೇನಜೀರಳಿಗೆ ಮಾತ್ರ ಎಲ್ಲ ಹೇಳಿದ. ಅವಳು, "ನನಗೂ ಹೇಳಿರಲಿಲ್ಲ ಅಂವ," ಎಂದಳು. ಆಗ ಅವಳ ಮುಖದಲ್ಲಿಯೂ ಅದೇ ಉರಿ ಕಂಡು, ಜಹಾಂಗೀರನಿಗೆ ಎಷ್ಟೋ ದಿನಗಳ ಮೇಲೆ ಹೆಂಡತಿ ತನ್ನ ಕಡೆಯವಳು ಅನ್ನಿಸಿತು.

ತನಗೆ ಎಲ್ಲ ಗೊತ್ತಾಗಿದೆ ಎಂದು ಮಗನಿಗೆ ಹೇಳಲಿಲ್ಲ. ಹೇಮಪ್ಪ ಮತ್ತೆ ಬಂದು, ಮಂದಿ ಬೇರೆ ಕೋಚ್ ಬೇಕು ಅನ್ನಾಕತ್ತಾರ, ಏನಂತೀ ಎಂದು ಕೇಳಿದಾಗ, "ಮಾಸ್ತರನ ಇರಲಿ. ನನಗ ಅಂಗಡಿ ಬಿಟ್ಟು ಬರಾಕ ಆಗಂಗಿಲ್ಲ" ಎಂದ.

ವಿಜಯಮಹಾಂತೇಶ ಗುಣವಾಗಿ ಬಂದ ಮೇಲೆ ಕರ್ಜಗಿಯವರೊಡನೆ ಮ್ಯಾಚ್ ಆಯಿತು. ತುಂಗಾ ಬಾಯ್ಸ್ ಒಂದು ಗೋಲಿನಿಂದ ಗೆದ್ದರು. ಮೆಟ್ಟಿಲ ಮೇಲೆ ಕೂತ ಜಹಾಂಗೀರ ಕಾರ್ನರ್ ಹೊಡೆಸುವ ರೀತಿಗೆ ಬೈದ, ಗೋಲ್‌ಕೀಪರನಿಗೆ ಬೈದ, ರೆಫ್ರಿಗೂ ಬೈದ. ಬಾಲ್ ಬಲಗಡೆಯ ಬ್ಯಾಕಿನ ಹತ್ತಿರ ಹೋದಾಗ ಮಾತ್ರ ಬಾಯಿ ಮುಚ್ಚಿ ಕೂತ. ಅದು ಎಷ್ಟು ಕಷ್ಟದ ಕೆಲಸವೆಂದು ಪಕ್ಕದಲ್ಲಿದ್ದವರಿಗೆ ಗೊತ್ತಾಗಲಿಲ್ಲ. ಸೀಟಿ ಊದಿದ ಮೇಲೆ ತೌಸಿಫ್ ಮೊದಲು ಓಡಿದ್ದು ಕೋಚಿನ ಕಡೆಗೆ. ಅವರಿಬ್ಬರೂ ತಲೆಗೆ ತಲೆ ಹಚ್ಚಿ ಏನೋ ಮಾತಾಡಿ ನಕ್ಕರು. ಜಹಾಂಗೀರ ಮುಖ ಆಚೆ ತಿರುಗಿಸಿದ.

ತಿರುಗಿ ನೋಡಿದಾಗ ಮಗ ಮೆಟ್ಟಿಲು ಏರಿ ಬರುತ್ತಿದ್ದ. ಬೆವರು ಒರೆಸುತ್ತ ಪಕ್ಕದಲ್ಲಿ ಕೂತು, "ಅಬ್ಬಾ, ಇವತ್ತ ದನಿನ ಕೇಳಲಿಲ್ಲಲ್ರಿ. ಬಂದಿಲ್ಲೇನೋ ಅಂತ ಮಾಡಿದ್ದೆ," ಎಂದ.

"ಬಂದೇನಿ," ಎಂದ ಜಹಾಂಗೀರ. "ಗಂಟಲು ಸ್ವಲ್ಪ ಕೆಟ್ಟೈತಿ."

ತೌಸಿಫ್ ಅವನ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದ. ಆಮೇಲೆ, ಕರ್ಜಗಿಯ ಆ ಎಡಗಾಲಿನವನನ್ನು ಹೇಗೆ ತಡೆದೆ ಎಂದು ತಾನಾಗಿಯೇ, ಯಾರೂ ಕೇಳದೆ, ಮೊದಲಿನಿಂದ ಹೇಳತೊಡಗಿದ.